ಮಟ್ಟುಗುಳ್ಳದ ಎಲೆಯೊಂದಿಗೆ ಸೀಕ್ವೆನ್ಸಿಂಗ್ ಕೇಂದ್ರಕ್ಕೆ

ನಮ್ಮ ಕಾಲೇಜಿನಲ್ಲಿ ಡಿಎನ್‌ಎ ತುಣುಕಿನ ಪ್ರತಿಗಳನ್ನು ಮಾಡುವ ಪಿಸಿಆರ್ ಯಂತ್ರವಿದ್ದರೂ ಡಿಎನ್‌ಎಯ ಅಕ್ಷರಗಳನ್ನು, ಅಂದರೆ ಬೇಸ್‌ಗಳನ್ನು, ಓದುವ ಸೀಕ್ವೆನ್ಸರ್ ಇಲ್ಲ. ಹೀಗಾಗಿ, ಶುಲ್ಕ ಕಟ್ಟಿದರೆ ಹೊರಗಿನವರಿಗೂ ತೆರೆದಿರುವ, ಮಂಗಳೂರಿನ ವಿಶ್ವವಿದ್ಯಾಲಯವೊಂದರ ಸಾಮೂಹಿಕ ಉಪಕರಣ ಕೇಂದ್ರಕ್ಕೆ ಈ ವರ್ಷ ಮೂರು ಬಾರಿ ಮಾದರಿಗಳನ್ನು ಒಯ್ದೆ. ಕಟಪಾಡಿ ಸಮೀಪದ ಮಟ್ಟುವಿನ ಗುಳ್ಳಕ್ಕೆ (ವಾದಿರಾಜರು ಕೊಟ್ಟ ಬೀಜವೆಂಬ ಐತಿಹ್ಯವಿರುವ ಬದನೆ ಇದು) 2011ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ. ಅದನ್ನು ಬೇರೆ ಬದನೆಗಳಿಂದ ಡಿಎನ್‌ಎ ಮಟ್ಟದಲ್ಲಿ ಗುರುತಿಸಬಹುದೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಮೊದಲ ಸಲ ಮಾದರಿಗಳು ವಾಪಸಾದವು. ಡಿಎನ್‌ಎಯ ಶುದ್ಧತೆ ತೋರುವ, 260 ಮತ್ತು 280 ನ್ಯಾನೊಮೀಟರ್‌ಗಳ ಬೆಳಕಿನ ಹೀರುವಿಕೆಯ ಅನುಪಾತ 1.8ರ ಆಸುಪಾಸಿನಲ್ಲಿದ್ದುದರಿಂದ ನಾನು ನಿಶ್ಚಿಂತನಾಗಿದ್ದೆ. ಆದರೆ 260 ಮತ್ತು 230ರ ಅನುಪಾತ, 2ರ ಹತ್ತಿರ ಇರಬೇಕಾದದ್ದು, 1ಕ್ಕಿಂತಲೂ ಕೆಳಗಿತ್ತು. ಬದನೆ ಎಲೆಯ ಪಾಲಿಫಿನಾಲ್ ಮತ್ತು ಪಾಲಿಸ್ಯಾಕರೈಡ್‌ಗಳು ಡಿಎನ್‌ಎಯೊಂದಿಗೆ ಉಳಿದಿವೆ, ಎಳೆ ಎಲೆ ಆರಿಸಿ, ಡಿಎನ್‌ಎ ಬೇರ್ಪಡಿಸುವ ಸಿಟಿಎಬಿ ದ್ರಾವಣಕ್ಕೆ ಪಾಲಿಫಿನಾಲ್ ಹಿಡಿದಿಡುವ ಪಿವಿಪಿ ಸೇರಿಸಿ ನೋಡಿ ಎಂದು ಅಲ್ಲಿನ ತಂತ್ರಜ್ಞೆ ತಿಳಿಸಿದರು. ಶುಲ್ಕ ಪಡೆದು ಹಾಗೆಯೇ ಓಡಿಸಿಬಿಟ್ಟಿದ್ದರೆ ನನಗೆ ಸಿಗುತ್ತಿದ್ದುದು ಓದಲಾಗದ ಫಲಿತಾಂಶ.

ಅದಕ್ಕಿಂತ ಬೆಲೆಬಾಳುವ ಮಾತು ಎರಡನೆಯ ಭೇಟಿಯಲ್ಲಿ ಬಂತು. ಹರಿತ್ತಕದ (ಎಲೆಯ ಜೀವಕೋಶದಲ್ಲಿ ಆಹಾರ ತಯಾರಿಸುವ ಕ್ಲೋರೊಪ್ಲಾಸ್ಟ್‌ನ) ಆರ್‌ಬಿಸಿಎಲ್ ವಂಶವಾಹಿಯನ್ನು ಓದಿಸಲು ಹೋಗಿದ್ದೆ. ಅದು ಪ್ರಭೇದ, ಕುಲಗಳನ್ನು ಗುರುತಿಸಲು ನೆರವಾಗುತ್ತದೆಯೇ ಹೊರತು ಒಂದೇ ಪ್ರಭೇದದ ತಳಿಗಳನ್ನು ಬೇರ್ಪಡಿಸದು, ನಿಮಗೆ ಬೇಕಾದದ್ದು ಎಸ್‌ಎಸ್‌ಆರ್ ಗುರುತುಗಳು (ಚಿಕ್ಕ ಅಕ್ಷರಗುಚ್ಛ ಮತ್ತೆ ಮತ್ತೆ ಬರುವ, ತಳಿಯಿಂದ ತಳಿಗೆ ಉದ್ದ ಬದಲಾಗಬಲ್ಲ ಡಿಎನ್‌ಎ ಭಾಗಗಳು) ಎಂದು ಆ ತಂತ್ರಜ್ಞೆ ವಿವರಿಸಿದರು. ಸೀಕ್ವೆನ್ಸಿಂಗ್ ಮಾಡುವ ಅದೇ ಕ್ಯಾಪಿಲ್ಲರಿ (ಕೂದಲೆಳೆಯಂಥ ನಳಿಕೆಯ) ಯಂತ್ರವು ಪ್ರತಿದೀಪ್ತ ಬಣ್ಣ ಅಂಟಿಸಿದ ತುಣುಕುಗಳ ಉದ್ದವನ್ನೂ ಒಂದೆರಡು ಬೇಸ್‌ಗಳ ವ್ಯತ್ಯಾಸ ತಿಳಿಯುವಷ್ಟು ನಿಖರವಾಗಿ ಅಳೆಯುತ್ತದೆ ಎಂಬುದು, ನಾಚಿಕೆಯಿಂದಲೇ ಹೇಳುತ್ತೇನೆ, ನನಗೆ ಹೊಳೆದಿರಲಿಲ್ಲ.

ಆಕ್ಷೇಪವೂ ಇದೆ. 96 ಕುಳಿಗಳ ಪ್ಲೇಟ್ ತುಂಬುವವರೆಗೆ ಹೊರಗಿನವರ ಮಾದರಿಗಳು ಫ್ರೀಜರಿನಲ್ಲೇ ಕಾಯುತ್ತವೆ. ಎಷ್ಟು ದಿನವೆಂದು ಕೇಳಿದರೆ ಖಚಿತ ಉತ್ತರವಿಲ್ಲ. ಸೀಕ್ವೆನ್ಸಿಂಗ್ ವರದಿಯಾಗಿ ಬಂದದ್ದು ಅಕ್ಷರಗಳ ಸಾಲು ಮಾತ್ರ. ಇಲ್ಲಿ ಬಳಸುವ ಸ್ಯಾಂಗರ್ ಎಂಬ ಸೀಕ್ವೆನ್ಸಿಂಗ್ ವಿಧಾನದಲ್ಲಿ ಮೊದಲ ಮೂವತ್ತು–ನಲವತ್ತು ಬೇಸ್‌ಗಳು ಮಸುಕಾಗಿರುತ್ತವೆ, ಏಳೆಂಟು ನೂರು ದಾಟಿದ ಮೇಲೆ ಸಂಕೇತ ಕುಂದುತ್ತದೆ. ನಡುವೆ ‘ಎನ್’ (ಯಾವ ಬೇಸ್ ಎಂದು ಯಂತ್ರಕ್ಕೆ ತಿಳಿಯದ ಸ್ಥಾನ) ಎಂದಿರುವಲ್ಲಿ ನಿಜವಾಗಿ ಎರಡು ಶಿಖರಗಳಿವೆಯೇ ಅಥವಾ ಅದು ಬರೀ ಗದ್ದಲವೇ ಎಂದು ತಿಳಿಯಲು ಆ ಶಿಖರಗಳ ನಕ್ಷೆಯಾದ ಕ್ರೊಮ್ಯಾಟೊಗ್ರಾಂ ಬೇಕೇ ಬೇಕು. ಎರಡು ಸಲ ಮಿಂಚಂಚೆ ಬರೆದ ಮೇಲೆ ಆ ನಕ್ಷೆಯಿರುವ ಎಬಿ1 ಕಡತಗಳು ಬಂದವು. ಅರ್ಜಿ ನಮೂನೆಯಲ್ಲೇ ಅದಕ್ಕೊಂದು ಕಲಂ ಇರಬೇಕಿತ್ತು.

ಎಸ್‌ಎಸ್‌ಆರ್ ಕೆಲಸಕ್ಕೆ ಬಣ್ಣದ ಪ್ರೈಮರ್‌ಗಳನ್ನು (ಪಿಸಿಆರ್ ಆರಂಭಿಸಲು ಬೇಕಾದ ಚಿಕ್ಕ ಡಿಎನ್‌ಎ ತುಣುಕುಗಳನ್ನು) ನಾವೇ ತರಿಸಿಕೊಡಬೇಕು, ಅವು ಸಾಮಾನ್ಯ ಪ್ರೈಮರ್‌ಗಳಿಗಿಂತ ಬಹಳ ದುಬಾರಿ. ಮೂರನೆಯ ಸಲ ಮೂರೇ ಗುರುತುಗಳೊಂದಿಗೆ ಹೋಗಿದ್ದೆ. ಉಳಿದವು ಕಾಲೇಜಿನ ಮುಂದಿನ ಅನುದಾನಕ್ಕೆ ಕಾದಿವೆ.