ಸಂಘದ ಸದಸ್ಯರ ಪಟ್ಟಿಗೆ ಸಿವಿಸಿಆರ್‌ಎಂ: ಮತದಾರರ ಪಟ್ಟಿಯೇ ಪರೀಕ್ಷೆ

ಸಂಘ-ಸಂಸ್ಥೆಗಳಿಗೆ ಸಾಫ್ಟ್‌ವೇರ್ ತೋರಿಸಲು ಬರುವವರು ಮೊದಲು ಡ್ಯಾಶ್‌ಬೋರ್ಡು, ಹುಟ್ಟುಹಬ್ಬದ ಮೆಸೇಜು, ಮೊಬೈಲ್ ಆ್ಯಪು ತೋರಿಸುತ್ತಾರೆ. ಅವೆಲ್ಲ ಇರಲಿ, ಬೇಡವೆನ್ನುವುದಿಲ್ಲ. ಆದರೆ ಸದಸ್ಯರಿಂದಲೇ ನಡೆಯುವ ಸಂಘಕ್ಕೆ ನಿಜವಾದ ಪರೀಕ್ಷೆ ಬರುವುದು ಸರ್ವಸದಸ್ಯರ ಸಭೆಯ ದಿನ. ರಿಜಿಸ್ಟರ್ ಇಟ್ಟುಕೊಂಡ ಮೇಜಿನ ಮುಂದೆ ಒಬ್ಬರು ನಿಂತು "ನನ್ನ ಹೆಸರು ಯಾಕಿಲ್ಲ?" ಎಂದು ಕೇಳಿದಾಗ ಯಾವ ತಾರೀಖಿಗೆ ಅವಧಿ ಮುಗಿಯಿತು, ಕೊನೆಯ ಹಣ ಯಾವಾಗ ಬಂತು, ಯಾರು ದಾಖಲಿಸಿದರು ಎಂದು ಸ್ಥಳದಲ್ಲೇ ಹೇಳಲು ಆಗಬೇಕು. ಸದಸ್ಯರ ದಾಖಲೆ ನೋಡಿಕೊಳ್ಳುವ ಸಿವಿಸಿಆರ್‌ಎಂ ಎಂಬ ತಂತ್ರಾಂಶ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಆದರೆ ಅದರ ಪೂರ್ವನಿಗದಿ (ಡೀಫಾಲ್ಟ್) ಸೆಟ್ಟಿಂಗ್‌ಗಳನ್ನು ಹಾಗೆಯೇ ಬಿಟ್ಟರೆ ಖಂಡಿತ ಮಾಡುವುದಿಲ್ಲ. ಈ ವಿಮರ್ಶೆಯ ಬಹುಪಾಲು ಆ ಸೆಟ್ಟಿಂಗ್‌ಗಳ ಬಗ್ಗೆಯೇ ಇದೆ.

2005ರಿಂದ ಬೆಳೆದು ಬಂದಿರುವ ಮುಕ್ತ ತಂತ್ರಾಂಶ ಇದು. ಲೈಸೆನ್ಸ್ ಶುಲ್ಕವಿಲ್ಲ. ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ, ಬ್ಯಾಕ್‌ಡ್ರಾಪ್ ಜಾಲತಾಣಗಳ ಒಳಗೆ ಕೂರುತ್ತದೆ, ಈಗ ಸ್ವತಂತ್ರವಾಗಿಯೂ ಹಾಕಿಕೊಳ್ಳಬಹುದು. ಸದಸ್ಯತ್ವ, ಹಣ ಜಮಾ, ಕಾರ್ಯಕ್ರಮ ನೋಂದಣಿ, ಸಾಮೂಹಿಕ ಇಮೇಲ್ ಎಲ್ಲವೂ ಒಂದೇ ವ್ಯಕ್ತಿ-ದಾಖಲೆಗೆ ಅಂಟಿಕೊಂಡಿರುತ್ತವೆ. ಖರ್ಚು ಬರುವುದು ಸರ್ವರ್ ಬಾಡಿಗೆಗೆ ಮತ್ತು ಅದನ್ನು ನೋಡಿಕೊಳ್ಳುವವರ ಸಮಯಕ್ಕೆ. ಈ ಎರಡನೆಯದನ್ನು ಬಜೆಟ್ಟಿನಲ್ಲಿ ಬರೆಯದ ಸಂಘಗಳೇ ಹೆಚ್ಚು.

ಮೊದಲ ತೊಡಕು ಹಳೆಯ ಪಟ್ಟಿ. ಕರ್ನಾಟಕದ ಬಹಳಷ್ಟು ಸಂಘಗಳ ಎಕ್ಸೆಲ್ ಕಡತಗಳು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿವೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ರೋಮನ್ ಚಿಹ್ನೆಗಳು. ಹಾಗೆಯೇ ಇಂಪೋರ್ಟ್ ಮಾಡಿದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲು ಬಂದು ಕೂರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ, ಪರಿವರ್ತಕಗಳು ಎಡವುವುದು ಅಲ್ಲೇ. ನಂತರ ಎಕ್ಸೆಲ್‌ನಲ್ಲಿ ಸೇವ್ ಮಾಡುವಾಗ ಬರೀ "ಸಿಎಸ್‌ವಿ" ಅಲ್ಲ, "ಸಿಎಸ್‌ವಿ ಯುಟಿಎಫ್-8" ಆಯ್ಕೆ ಮಾಡಬೇಕು. ತಪ್ಪಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಅಲ್ಲಿಂದ ಹಿಂದಕ್ಕೆ ತರಲು ಆಗುವುದಿಲ್ಲ. ಹಳೆಯ ದಪ್ಪ ರಿಜಿಸ್ಟರಿನ ಸದಸ್ಯತ್ವ ಸಂಖ್ಯೆಯನ್ನು "ಎಕ್ಸ್‌ಟರ್ನಲ್ ಐಡಿ" ಎಂಬ ಖಾನೆಗೆ ಹಾಕಿ. ಒಂದು ಸಂಖ್ಯೆ ಎರಡು ಬಾರಿ ಬರಲು ಆ ಖಾನೆ ಬಿಡುವುದಿಲ್ಲ. ಮುಂದೆ ತಿದ್ದಿದ ಪಟ್ಟಿಯನ್ನು ಮತ್ತೆ ಇಂಪೋರ್ಟ್ ಮಾಡುವಾಗ ಅದೇ ಸಂಖ್ಯೆಯಿಂದ ಸರಿಯಾದ ವ್ಯಕ್ತಿ ಸಿಗುತ್ತಾರೆ.

ಹೆಸರಿನ ವಿಚಾರಕ್ಕೆ ಸಮಿತಿಯಲ್ಲಿ ಕೂತು ಒಂದು ನಿಯಮ ಮಾಡಿಕೊಳ್ಳಿ. ಸಾಫ್ಟ್‌ವೇರ್ ಕೇಳುವುದು ಮೊದಲ ಹೆಸರು, ಕೊನೆಯ ಹೆಸರು; ನಮ್ಮಲ್ಲಿರುವುದು ಇನಿಶಿಯಲ್. ಪೂರ್ತಿ ಹೆಸರು ಮೊದಲ ಖಾನೆಗೆ, ಇನಿಶಿಯಲ್‌ಗಳು ಚುಕ್ಕಿ ಮತ್ತು ಜಾಗ ಇಲ್ಲದೆ ಕೊನೆಯ ಖಾನೆಗೆ ಎಂದಿಟ್ಟುಕೊಂಡರೆ ಹುಡುಕಾಟ ಸಲೀಸು. ತೆರೆಯ ಮೇಲೆ ಇನಿಶಿಯಲ್ ಮೊದಲು ಬರಬೇಕಾದರೆ ಡಿಸ್‌ಪ್ಲೇ ಪ್ರಿಫರೆನ್ಸಸ್‌ನಲ್ಲಿ ಹೆಸರಿನ ವಿನ್ಯಾಸ ಬದಲಿಸಬಹುದು. ಕನ್ನಡದಲ್ಲಿ ಬರೆದ ಹೆಸರಿಗೆ ಪ್ರತ್ಯೇಕ ಕಸ್ಟಮ್ ಖಾನೆ ಮಾಡಿ. ಫೋನ್ ನಂಬರಿಗೂ ಇದೇ ಶಿಸ್ತು ಬೇಕು. 91 ಸೇರಿಸಿದ್ದು, ಸೊನ್ನೆ ಸೇರಿಸಿದ್ದು, ಬರೀ 10 ಅಂಕಿಯದ್ದು ಈ ಮೂರೂ ಯಂತ್ರಕ್ಕೆ ಬೇರೆ ಬೇರೆ ನಂಬರುಗಳು.

ಇಲ್ಲಿಂದ ಬರುವುದೇ ಅತಿ ದುಬಾರಿಯಾದ ತಪ್ಪು. ಜಾಲತಾಣದ ಅರ್ಜಿ ನಮೂನೆಯನ್ನು ಯಾರಾದರೂ ತುಂಬಿದಾಗ ಈ ವ್ಯಕ್ತಿ ಈಗಾಗಲೇ ಪಟ್ಟಿಯಲ್ಲಿದ್ದಾರೆಯೇ ಎಂದು ಸಿವಿಸಿಆರ್‌ಎಂ ನೋಡುತ್ತದೆ. ಅದಕ್ಕೆ ಬಳಸುವ "ಅನ್‌ಸೂಪರ್‌ವೈಸ್ಡ್" ನಿಯಮ ಪೂರ್ವನಿಗದಿಯಲ್ಲಿ ಇಮೇಲ್ ಒಂದನ್ನೇ ಹೋಲಿಸುತ್ತದೆ. ನಮ್ಮ ಮನೆಗಳಲ್ಲಿ ಗಂಡ-ಹೆಂಡತಿಗೆ ಒಂದೇ ಇಮೇಲ್, ಅಪ್ಪ-ಅಮ್ಮನ ಅರ್ಜಿಗೆ ಮಗನ ಇಮೇಲ್ ಇರುವುದು ಸಾಮಾನ್ಯ. ಹೀಗಿರುವಾಗ ಹೆಂಡತಿ ಅರ್ಜಿ ಹಾಕಿದರೆ ಗಂಡನ ದಾಖಲೆಯಲ್ಲಿ ಹೆಸರು ಬದಲಾಗಿ, ಹಳೆಯ ಸದಸ್ಯರೇ ಮಾಯವಾಗುತ್ತಾರೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಪರಿಹಾರ ಸುಲಭ: "ಫೈಂಡ್ ಆ್ಯಂಡ್ ಮರ್ಜ್ ಡೂಪ್ಲಿಕೇಟ್ ಕಾಂಟ್ಯಾಕ್ಟ್ಸ್" ಪುಟದಲ್ಲಿ ಹೊಸ ನಿಯಮ ಬರೆದು ಇಮೇಲ್‌ಗೆ 5, ಮೊದಲ ಹೆಸರಿಗೆ 5 ತೂಕ ಕೊಟ್ಟು, ಮಿತಿಯನ್ನು 10 ಎಂದು ಇಟ್ಟು, ಅದನ್ನೇ ಅನ್‌ಸೂಪರ್‌ವೈಸ್ಡ್ ಬಳಕೆಗೆ ನಿಗದಿ ಮಾಡಿ. ಎರಡೂ ಹೊಂದಿದರೆ ಮಾತ್ರ ಒಬ್ಬರೆಂದು ಎಣಿಸುತ್ತದೆ. ಕೆಲವು ಡೂಪ್ಲಿಕೇಟ್ ಹೆಚ್ಚಬಹುದು, ಹೆಚ್ಚಲಿ. ಎರಡು ದಾಖಲೆಯನ್ನು ಒಂದು ಮಾಡುವುದು ಎರಡು ಕ್ಲಿಕ್ಕಿನ ಕೆಲಸ, ಕಲೆತು ಹೋದ ಇಬ್ಬರನ್ನು ಬೇರೆ ಮಾಡುವುದು ವಾರಗಟ್ಟಲೆ ಕೆಲಸ.

ಸದಸ್ಯತ್ವದ ಬಗೆಗಳನ್ನು ಮಾಡುವಾಗ "ರೋಲಿಂಗ್" ಮತ್ತು "ಫಿಕ್ಸ್ಡ್" ಎಂಬ ಎರಡು ದಾರಿಗಳಿವೆ. ಸೇರಿದ ದಿನದಿಂದ ಒಂದು ವರ್ಷ ಎಂದಾದರೆ ರೋಲಿಂಗ್. ಏಪ್ರಿಲ್ 1ರಿಂದ ಮಾರ್ಚ್ 31 ಎಂದಾದರೆ ಫಿಕ್ಸ್ಡ್. ಎರಡನೆಯದರಲ್ಲಿ ರೋಲ್‌ಓವರ್ ದಿನ ಎಂಬುದೊಂದಿದೆ. ಅದನ್ನು ಜನವರಿ 31 ಎಂದಿಟ್ಟರೆ ಫೆಬ್ರುವರಿಯಲ್ಲಿ ಹಣ ಕಟ್ಟಿದವರಿಗೆ ಉಳಿದ ಎರಡು ತಿಂಗಳಿನ ಜೊತೆ ಮುಂದಿನ ಪೂರ್ತಿ ವರ್ಷವೂ ಸೇರಿ ಸಿಗುತ್ತದೆ. ಒಳ್ಳೆಯ ಸೌಲಭ್ಯವೇ. ಆದರೆ ಸೇರಿ ಇಂತಿಷ್ಟು ತಿಂಗಳಾದ ಮೇಲೆಯೇ ಮತದಾನದ ಹಕ್ಕು ಎಂದು ಬೈಲಾ ಹೇಳಿದ್ದರೆ, ಮತದಾರರನ್ನು ಆರಿಸುವಾಗ ಅವಧಿಯ ಜೊತೆಗೆ "ಮೆಂಬರ್ ಸಿನ್ಸ್" ತಾರೀಖನ್ನೂ ಷರತ್ತಿಗೆ ಸೇರಿಸಬೇಕು. ಇದೇ ಹೊತ್ತಿನಲ್ಲಿ ಆರ್ಥಿಕ ವರ್ಷದ ಆರಂಭವನ್ನೂ ಏಪ್ರಿಲ್ 1ಕ್ಕೆ ಬದಲಿಸಿ, ಪೂರ್ವನಿಗದಿ ಇರುವುದು ಜನವರಿ 1.

ಸ್ಟೇಟಸ್ ನಿಯಮಗಳು ಈ ತಂತ್ರಾಂಶದ ಜೀವಾಳ. ಹೊಸಬರಿಗೆ ಮೊದಲ 3 ತಿಂಗಳು "ನ್ಯೂ", ಆಮೇಲೆ "ಕರೆಂಟ್", ಅವಧಿ ಮುಗಿದ ಮೇಲೆ 1 ತಿಂಗಳು "ಗ್ರೇಸ್", ಅದೂ ಕಳೆದರೆ "ಎಕ್ಸ್‌ಪೈರ್ಡ್". ಇದು ಪೂರ್ವನಿಗದಿ. ಬಾಕಿ 3 ತಿಂಗಳು ಮೀರಿದರೆ ಮತವಿಲ್ಲ ಎಂದು ನಿಮ್ಮ ಬೈಲಾದಲ್ಲಿದ್ದರೆ ಗ್ರೇಸ್ ಅನ್ನು 3 ತಿಂಗಳಿಗೆ ಹಿಗ್ಗಿಸಿ. ಬೈಲಾ ಒಂದು ಹೇಳಿ ಸಾಫ್ಟ್‌ವೇರ್ ಇನ್ನೊಂದು ಹೇಳಿದರೆ ತಕರಾರು ಕಟ್ಟಿಟ್ಟ ಬುತ್ತಿ.

ಈ ಸ್ಟೇಟಸ್‌ಗಳು ತಾವಾಗಿಯೇ ಬದಲಾಗುವುದಿಲ್ಲ. ದಿನಕ್ಕೊಮ್ಮೆ ಓಡುವ "ಅಪ್‌ಡೇಟ್ ಮೆಂಬರ್‌ಶಿಪ್ ಸ್ಟೇಟಸಸ್" ಎಂಬ ಜಾಬ್ ಬದಲಿಸುತ್ತದೆ, ಆ ಜಾಬ್ ಓಡಲು ಸರ್ವರ್‌ನಲ್ಲಿ ಕ್ರಾನ್ (ಗೊತ್ತಾದ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ವ್ಯವಸ್ಥೆ) ಹಾಕಿರಬೇಕು. ಕ್ರಾನ್ ನಿಂತರೆ ವರ್ಷದ ಹಿಂದೆ ಬಿಟ್ಟುಹೋದವರೂ ಕರೆಂಟ್ ಎಂದೇ ಕಾಣುತ್ತಾರೆ. ಸರ್ವರ್ ಬದಲಿಸಿದಾಗ ಮರೆತುಹೋಗುವ ಮೊದಲ ವಸ್ತು ಇದು. ಶೆಡ್ಯೂಲ್ಡ್ ಜಾಬ್ಸ್ ಪುಟದಲ್ಲಿ "ಲಾಸ್ಟ್ ರನ್" ನೋಡುವುದನ್ನು ಕಚೇರಿ ವ್ಯವಸ್ಥಾಪಕರ ವಾರದ ಕೆಲಸವಾಗಿ ಬರೆದಿಡಿ. ಇನ್ನೊಂದು ಬಲೆ "ಸ್ಟೇಟಸ್ ಓವರ್‌ರೈಡ್". ಯಾರದೋ ಹಣ ತಡವಾಯಿತೆಂದು ಒಮ್ಮೆ ಕೈಯಾರೆ ಶಾಶ್ವತ ಓವರ್‌ರೈಡ್ ಹಾಕಿದರೆ ಜಾಬ್ ಅವರ ತಂಟೆಗೇ ಹೋಗುವುದಿಲ್ಲ. ತಾರೀಖಿನವರೆಗೆ ಮಾತ್ರ ಎಂಬ ಆಯ್ಕೆಯೂ ಇದೆ, ಅದನ್ನಷ್ಟೇ ಬಳಸಿ. ಚುನಾವಣೆಗೆ ಮೊದಲು ಓವರ್‌ರೈಡ್ ಇರುವ ಎಲ್ಲರನ್ನೂ ಹುಡುಕಿ ಸಮಿತಿಯ ಮುಂದಿಡಿ.

ಆಜೀವ ಸದಸ್ಯರಿಗೆ ಅವಧಿಯನ್ನು "ಲೈಫ್‌ಟೈಮ್" ಎಂದು ಕೊಡಬಹುದು. ಅವರಿಗೆ ನವೀಕರಣವಿಲ್ಲ, ಹಾಗಾಗಿ ಸಂಪರ್ಕವೂ ಇಲ್ಲ, ವಿಳಾಸ ಹಳತಾಗುತ್ತದೆ, ತೀರಿಕೊಂಡವರ ಹೆಸರು ಉಳಿಯುತ್ತದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ 3 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅಷ್ಟು ದೊಡ್ಡದಲ್ಲದಿದ್ದರೂ ಆಜೀವ ಸದಸ್ಯರೇ ಹೆಚ್ಚಿರುವ ಯಾವುದೇ ಸಂಘದಲ್ಲಿ ಪಟ್ಟಿಯನ್ನು ಜೀವಂತವಾಗಿಡುವುದೇ ಕಚೇರಿಯ ಮುಖ್ಯ ಕೆಲಸ. "ಪರಿಶೀಲನೆ" ಎಂಬ ಹೊಸ ಆ್ಯಕ್ಟಿವಿಟಿ ಬಗೆ ಮಾಡಿ, ಫೋನ್ ಮಾಡಿ ವಿಳಾಸ ಖಚಿತಪಡಿಸಿದಾಗಲೆಲ್ಲ ನಮೂದಿಸಿ. 3 ವರ್ಷದಿಂದ ಪರಿಶೀಲನೆ ಆಗದವರನ್ನು ಸರ್ಚ್‌ಕಿಟ್ ಎಂಬ ಹುಡುಕುವ ಸಾಧನ ಹೆಕ್ಕಿ ಕೊಡುತ್ತದೆ. ನಿಧನರಾದವರ ದಾಖಲೆಯನ್ನು ಅಳಿಸಬೇಡಿ, ಅಳಿಸಿದರೆ ಅವರು ಕಟ್ಟಿದ ಹಣದ ಇತಿಹಾಸ ಕಣ್ಮರೆಯಾಗುತ್ತದೆ. "ಡಿಸೀಸ್ಡ್" ಗುರುತು ಮತ್ತು ತಾರೀಖು ಹಾಕಿ. ಸದಸ್ಯತ್ವದ ಸ್ಟೇಟಸ್ ಅದಕ್ಕೆ ತಕ್ಕಂತೆ ಬದಲಾಗುತ್ತದೆ, ಅವರ ಹೆಸರಿಗೆ ಇಮೇಲ್ ಹೋಗುವುದೂ ನಿಲ್ಲುತ್ತದೆ. ಇದು ಲೆಕ್ಕದ ವಿಷಯವಷ್ಟೇ ಅಲ್ಲ. ತೀರಿಕೊಂಡವರ ಹೆಸರಿಗೆ ಸಭೆಯ ಆಹ್ವಾನ ಕಳಿಸಿ ಮನೆಯವರನ್ನು ನೋಯಿಸಬಾರದು.

ಹಣದ ಭಾಗದಲ್ಲಿ ಭಾರತದ ಸಂಘಗಳಿಗೆ ಸ್ವಲ್ಪ ಕೊರತೆಯಿದೆ. ಮೂಲ ತಂತ್ರಾಂಶದೊಂದಿಗೆ ಬರುವ ಪಾವತಿ ವ್ಯವಸ್ಥೆಗಳು ಪೇಪಾಲ್‌ನಂಥವು. ಇಲ್ಲಿನ ಪಾವತಿ ಗೇಟ್‌ವೇಗೆ ಎಕ್ಸ್‌ಟೆನ್ಷನ್ (ಹೆಚ್ಚುವರಿ ತಂತ್ರಾಂಶ) ಹಾಕಿ ಪರೀಕ್ಷಿಸಬೇಕು. ಸಣ್ಣ ಸಂಘಗಳಿಗೆ ಯುಪಿಐ ಹಣವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಕೈಯಾರೆ ದಾಖಲಿಸುವುದೇ ಸಾಕು. 12 ಅಂಕಿಯ ಯುಪಿಐ ರೆಫರೆನ್ಸ್ ಅನ್ನು "ಟ್ರಾನ್ಸಾಕ್ಷನ್ ಐಡಿ" ಖಾನೆಗೆ ಬರೆಯಿರಿ. ಆ ಖಾನೆ ಒಂದೇ ಸಂಖ್ಯೆಯನ್ನು ಎರಡನೇ ಬಾರಿ ಸ್ವೀಕರಿಸುವುದಿಲ್ಲ, ಆದ್ದರಿಂದ ಒಂದೇ ಸ್ಕ್ರೀನ್‌ಶಾಟ್ ತೋರಿಸಿ ಎರಡು ರಸೀದಿ ಪಡೆಯಲು ಆಗದು. ದಂಪತಿ ಒಟ್ಟಿಗೆ ಕಳಿಸಿದ ಹಣವಾದರೆ ಸಂಖ್ಯೆಯ ಕೊನೆಗೆ -1, -2 ಸೇರಿಸಿ. ಆನ್‌ಲೈನ್‌ನಲ್ಲಿ "ಪೇ ಲೇಟರ್" ಎಂದು ಅರ್ಜಿ ಹಾಕಿದವರ ಸದಸ್ಯತ್ವ "ಪೆಂಡಿಂಗ್" ಆಗಿರುತ್ತದೆ. ಹಣ ಬಂದಾಗ ಪೇಮೆಂಟ್ ದಾಖಲಿಸಿ, ಸದಸ್ಯತ್ವ ತಾನೇ ಚಾಲೂ ಆಗುತ್ತದೆ. ಆತುರದಲ್ಲಿ ಸದಸ್ಯತ್ವದ ಸ್ಟೇಟಸ್ ಅನ್ನೇ ತಿದ್ದಿದರೆ ಲೆಕ್ಕದಲ್ಲಿ ಬಾಕಿ, ಪಟ್ಟಿಯಲ್ಲಿ ಸದಸ್ಯ ಎಂಬ ಗೊಂದಲ ಆಡಿಟರ್ ಮೇಜಿಗೆ ಹೋಗುತ್ತದೆ. ದೇಣಿಗೆಗೂ ಸದಸ್ಯತ್ವ ಶುಲ್ಕಕ್ಕೂ ಬೇರೆ ಬೇರೆ ಫೈನಾನ್ಷಿಯಲ್ ಟೈಪ್ ಇದೆ, ಬೆರೆಸಬೇಡಿ.

ರಸೀದಿ, ಸದಸ್ಯತ್ವ ಪತ್ರಗಳನ್ನು ಕನ್ನಡದಲ್ಲಿ ಪಿಡಿಎಫ್ ಮಾಡಿದಾಗ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಬರುತ್ತವೆ. "ಅಧ್ಯಕ್ಷ" ಎಂಬ ಪದವೇ ಓದಲಾಗದಂತೆ ಆಗುತ್ತದೆ. ಪಿಡಿಎಫ್ ಮಾಡಲು ಬಳಸುವ ಡಾಮ್‌ಪಿಡಿಎಫ್‌ಗೆ ಭಾರತೀಯ ಲಿಪಿಗಳ ಅಕ್ಷರ ಜೋಡಣೆ ಬರದಿರುವುದು ಕಾರಣ. ಸರ್ವರ್‌ನಲ್ಲಿ ಡಬ್ಲ್ಯೂಕೆಎಚ್‌ಟಿಎಂಎಲ್‌ಟುಪಿಡಿಎಫ್ ಎಂಬ ಇನ್ನೊಂದು ಪಿಡಿಎಫ್ ಸಾಧನ ಮತ್ತು ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿಸಿ, ಆ ಸಾಧನದ ಪಾಥ್ (ಸರ್ವರ್‌ನಲ್ಲಿ ಅದಿರುವ ಜಾಗ) ಅನ್ನು ಸೆಟ್ಟಿಂಗ್ಸ್‌ನಲ್ಲಿ ಕೊಟ್ಟರೆ ಸರಿಯಾಗುತ್ತದೆ. ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಇದಕ್ಕೆ ಅವಕಾಶವಿರುವುದಿಲ್ಲ. ಹಾಗಾಗಿ ಸಣ್ಣ ವಿಪಿಎಸ್ (ನಿಮಗೇ ಮೀಸಲಾದ ವರ್ಚುವಲ್ ಸರ್ವರ್) ತೆಗೆದುಕೊಳ್ಳುವುದೇ ಮೇಲು.

ಈಗ ಮತದಾರರ ಪಟ್ಟಿ. ಸರ್ಚ್‌ಕಿಟ್‌ನಲ್ಲಿ ಸದಸ್ಯತ್ವದ ಬಗೆ, ಸ್ಟೇಟಸ್, ಸೇರಿದ ತಾರೀಖು ಷರತ್ತು ಕೊಟ್ಟು ಸ್ಮಾರ್ಟ್ ಗ್ರೂಪ್ ಆಗಿ ಉಳಿಸಬಹುದು. ಆದರೆ ಸ್ಮಾರ್ಟ್ ಗ್ರೂಪ್ ಸ್ಥಿರವಲ್ಲ. ಯಾರದೋ ಗ್ರೇಸ್ ಅವಧಿ ಇಂದು ಮುಗಿದರೆ ನಾಳೆ ಅವರು ಅದರಲ್ಲಿರುವುದಿಲ್ಲ. ಬೈಲಾದ ಕಟ್‌ಆಫ್ ದಿನ ಅದೇ ಹುಡುಕಾಟದ ಫಲಿತಾಂಶವನ್ನು ಮಾಮೂಲಿ ಗ್ರೂಪಿಗೆ ಸೇರಿಸಿ, ಸಿಎಸ್‌ವಿ ಇಳಿಸಿ, ಮುದ್ರಿಸಿ ಪ್ರತಿ ಪುಟಕ್ಕೂ ಚುನಾವಣಾಧಿಕಾರಿಯ ಸಹಿ ಹಾಕಿಸಿ ಸೂಚನಾ ಫಲಕಕ್ಕೆ ಅಂಟಿಸಿ. ಆಕ್ಷೇಪಣೆ ಬಂದು ತಿದ್ದಿದ್ದೆಲ್ಲ ಆ ಗ್ರೂಪಿನಲ್ಲೇ ಆಗಲಿ, ಹೊಸದಾಗಿ ಹುಡುಕಿ ಎಂದೂ ಪಟ್ಟಿ ಮಾಡಬೇಡಿ. ಯಾರು ಯಾವಾಗ ಏನು ತಿದ್ದಿದರು ಎಂಬುದು ಬೇಕಾದರೆ "ಲಾಗಿಂಗ್" ಚಾಲೂ ಮಾಡಬೇಕು. ಇದಕ್ಕೆ ಡೇಟಾಬೇಸ್‌ನಲ್ಲಿ ಟ್ರಿಗರ್ (ಪ್ರತಿ ತಿದ್ದುಪಡಿಯನ್ನು ತಾನೇ ಬರೆದಿಡುವ ಏರ್ಪಾಡು) ಅನುಮತಿ ಬೇಕು, ಡಿಸ್ಕ್ ಜಾಗವೂ ಹೆಚ್ಚು ಹಿಡಿಯುತ್ತದೆ. ಎರಡನ್ನೂ ಕೊಡಿ. ವಿವಾದ ಎದ್ದಾಗ ನಿಮ್ಮ ಪರ ಮಾತಾಡುವುದು ಆ ಲಾಗ್ ಒಂದೇ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವಾರ್ಷಿಕ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ರಿಜಿಸ್ಟ್ರಾರ್ ಕಚೇರಿ ತಲುಪಬೇಕು. ದಾಖಲೆ ಹೀಗೆ ಅಚ್ಚುಕಟ್ಟಾಗಿದ್ದರೆ ಆ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಇಮೇಲ್ ಕಳಿಸುವ ಭಾಗ ಚೆನ್ನಾಗಿದೆ. ಡೊಮೇನ್‌ಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಇಮೇಲ್ ನಿಮ್ಮಿಂದಲೇ ಬಂದದ್ದೆಂದು ತೋರಿಸುವ ದಾಖಲೆಗಳು) ಇಲ್ಲದಿದ್ದರೆ ಸಭೆಯ ನೋಟಿಸು ಜಿಮೇಲ್‌ನ ಸ್ಪ್ಯಾಮ್‌ಗೆ ಬೀಳುತ್ತದೆ. 2024ರ ಫೆಬ್ರುವರಿಯಿಂದ ಗೂಗಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಎಸ್‌ಎಂಎಸ್‌ಗೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಡಿಎಲ್‌ಟಿ (ಸಂದೇಶ ಕಳಿಸುವವರ ದಾಖಲೆ ವ್ಯವಸ್ಥೆ) ನೋಂದಣಿ, ಟೆಂಪ್ಲೇಟ್ ಒಪ್ಪಿಗೆ ಎಲ್ಲ ಬೇಕಾಗುವುದರಿಂದ ಹೆಚ್ಚಿನವರು ವಾಟ್ಸ್‌ಆ್ಯಪ್‌ನಲ್ಲೇ ಉಳಿಯುತ್ತಾರೆ. ಒಂದು ಗುಂಪಿಗೆ 1,024 ಜನರ ಮಿತಿ ಇದೆ, ಯಾರಿಗೆ ತಲುಪಿತು ಎಂಬ ದಾಖಲೆ ಕಚೇರಿಯಲ್ಲಿ ಉಳಿಯುವುದಿಲ್ಲ. ವಾಟ್ಸ್‌ಆ್ಯಪ್ ನೆನಪಿಸಲು ಇರಲಿ, ನೋಟಿಸಿಗೆ ಅಲ್ಲ.

ಜಿಲ್ಲಾ ಘಟಕಗಳಿರುವ ಸಂಘವಾದರೆ ಪ್ರತಿ ಕಾರ್ಯದರ್ಶಿಗೆ ತಮ್ಮ ಜಿಲ್ಲೆಯವರಷ್ಟೇ ಕಾಣುವಂತೆ ಎಸಿಎಲ್ (ಯಾರು ಯಾರ ದಾಖಲೆ ನೋಡಬಹುದೆಂಬ ನಿಯಮ) ಹಾಕಬಹುದು. ಆ ಬಳಕೆದಾರರಿಗೆ "ವ್ಯೂ ಆಲ್ ಕಾಂಟ್ಯಾಕ್ಟ್ಸ್" ಅನುಮತಿ ಇದ್ದರೆ ಎಸಿಎಲ್ ಲೆಕ್ಕಕ್ಕೇ ಬರುವುದಿಲ್ಲ, ಮೊದಲು ಅದನ್ನು ತೆಗೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಇಡೀ ಪಟ್ಟಿಯ ಎಕ್ಸೆಲ್ ಕೈಯಿಂದ ಕೈಗೆ ಓಡಾಡುವ ಅಭ್ಯಾಸ ನಿಲ್ಲಲೇಬೇಕು.

ಯಾರಿಗೆ ಬೇಡ? 200ಕ್ಕಿಂತ ಕಡಿಮೆ ಸದಸ್ಯರಿದ್ದು ಒಂದೇ ಬಗೆಯ ವಾರ್ಷಿಕ ಶುಲ್ಕವಿದ್ದರೆ ಒಂದು ಶೀಟು, ಒಂದು ಗೂಗಲ್ ಫಾರ್ಮ್ ಸಾಕು. ಅಪಾರ್ಟ್‌ಮೆಂಟ್ ಸಂಘಗಳಿಗೂ ಇದು ಹೊಂದುವುದಿಲ್ಲ. ಗೇಟಿನ ಎಂಟ್ರಿ, ಮೇಂಟೆನೆನ್ಸ್ ಬಿಲ್ಲಿಗೆ ಮೈಗೇಟ್, ಅಡ್ಡಾ ತರಹದವು ಬೇರೆ ಇವೆ. ತಿಂಗಳಿಗೊಮ್ಮೆ ಬರುವ ಹೊಸ ಆವೃತ್ತಿಯನ್ನು ಹಾಕಲು ಯಾರೂ ಇಲ್ಲದ ಸಂಘವೂ ಕೈಹಾಕದಿರುವುದು ಒಳ್ಳೆಯದು, ಹಳೆಯ ಆವೃತ್ತಿಯ ಭದ್ರತಾ ದೋಷಗಳು ಸದಸ್ಯರ ಮಾಹಿತಿಯನ್ನೇ ಬೀದಿಗೆ ತರುತ್ತವೆ. 500ರಿಂದ ಮೇಲೆ ಸದಸ್ಯರಿದ್ದು, ಎರಡು-ಮೂರು ಬಗೆಯ ಸದಸ್ಯತ್ವವಿದ್ದು, ಚುನಾವಣೆ ನಡೆಯುವ ಸಂಘಕ್ಕೆ ಇದನ್ನು ಧೈರ್ಯವಾಗಿ ಹೇಳಬಹುದು.

ಹಾಕಿಸುವ ಮೊದಲು ಡೊಮೇನ್, ಸರ್ವರ್, ಅಡ್ಮಿನ್ ಲಾಗಿನ್ ಮೂರನ್ನೂ ಸಂಘದ ಹೆಸರಿನ ಇಮೇಲ್‌ಗೆ ಮಾಡಿಸಿ, ಕಾರ್ಯದರ್ಶಿಯ ಸ್ವಂತ ಇಮೇಲ್‌ಗೆ ಬೇಡ. ಹೊಸ ಸಮಿತಿಗೆ ಅಧಿಕಾರ ಕೊಡುವ ದಿನದ ಪಟ್ಟಿಯಲ್ಲಿ ಚೆಕ್‌ಬುಕ್, ರಬ್ಬರ್ ಸ್ಟ್ಯಾಂಪಿನ ಜೊತೆ ಈ ಮೂರು ಪಾಸ್‌ವರ್ಡ್, ಹಿಂದಿನ ರಾತ್ರಿಯ ಡೇಟಾಬೇಸ್ ಬ್ಯಾಕಪ್ ಇರಬೇಕು. ಆ ಬ್ಯಾಕಪ್ಪನ್ನು ಬೇರೊಂದು ಸರ್ವರ್‌ನಲ್ಲಿ ತೆರೆದು ಸದಸ್ಯರ ಒಟ್ಟು ಸಂಖ್ಯೆ ತಾಳೆಯಾಗುತ್ತದೆಯೇ ನೋಡಿದ ಮೇಲೆಯೇ ಎರಡೂ ಕಡೆಯವರು ಸಹಿ ಹಾಕಲಿ.