ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ: ಕಂತು ಕಟ್ಟುವ ಮೊದಲು ತಿಳಿದಿರಬೇಕಾದದ್ದು

ಮಳೆಗಾಲ ಶುರುವಾಗುತ್ತಿದ್ದಂತೆ ನಮ್ಮ ಸಹಕಾರ ಸಂಘದಲ್ಲಿ ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮೆಯ ಕಂತು ಕಟ್ಟಿಸಿಕೊಳ್ಳುತ್ತಾರೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ. ರೈತರ ಪಾಲು ಶೇ 5, ಅಂದರೆ 6,400 ರೂಪಾಯಿ. ಗುಂಟೆ ಲೆಕ್ಕದಲ್ಲಿ 65 ರೂಪಾಯಿಯ ಆಸುಪಾಸು. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಬೆಲೆಯ ಬಗ್ಗೆ ತಕರಾರಿಲ್ಲ.

ಈ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ಉದುರಿದ ಕಾಯಿ ಎಣಿಸುವುದಿಲ್ಲ. ಪಂಚಾಯಿತಿ ಮಟ್ಟದ ಮಳೆಮಾಪನ ಯಂತ್ರದಲ್ಲಿ ದಾಖಲಾದ ಅಂಕಿ ನಿಗದಿತ ಮಿತಿಯನ್ನು ದಾಟಿದರೆ ಪರಿಹಾರ ಲೆಕ್ಕವಾಗುತ್ತದೆ, ಇಲ್ಲದಿದ್ದರೆ ಇಲ್ಲ. ಸರಳ ವ್ಯವಸ್ಥೆಯೇ ಸರಿ. ಆದರೆ ಮಲೆನಾಡಿನಲ್ಲಿ ಒಂದು ಗುಡ್ಡದ ಆಚೆ ಈಚೆ ಒಂದೇ ಮಳೆ ಸುರಿಯುವುದಿಲ್ಲ. ಯಂತ್ರವಿರುವುದು ಬಯಲಿನಲ್ಲಿ, ನಮ್ಮ ತೋಟವಿರುವುದು ಕಣಿವೆಯಲ್ಲಿ. ಒಂದು ವರ್ಷವಂತೂ ಮಳೆ ಹೆಚ್ಚಾದಾಗ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಜೋರಾಗಿದ್ದಾಗಲೇ ಯಂತ್ರ ಕೆಟ್ಟು, ಯಾವ ಅಂಕಿ ಹಿಡಿಯಬೇಕೆಂಬ ಚರ್ಚೆಯಲ್ಲಿ ಪರಿಹಾರ ತಿಂಗಳುಗಟ್ಟಲೆ ತಡವಾಯಿತು.

ತಡವಾದ ಪರಿಹಾರ ರೈತನ ಮನೆಗಷ್ಟೇ ಸಂಬಂಧಿಸಿದ್ದಲ್ಲ. ಸಂಘ ನಮಗೆ ಕೊಡುವ ಬೆಳೆಸಾಲಕ್ಕೆ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕಿನ ಹಣ ಬೇಕು, ಆ ಬ್ಯಾಂಕಿಗೆ ರಾಜ್ಯ ಮಟ್ಟದ ಅಪೆಕ್ಸ್ ಬ್ಯಾಂಕ್ ಮತ್ತು ರಾಷ್ಟ್ರೀಯ ಕೃಷಿ ಬ್ಯಾಂಕಾದ ನಬಾರ್ಡ್‌ನ ಆಸರೆ ಬೇಕು. ದೊಡ್ಡ ಬ್ಯಾಂಕಿನ ಸಾಲಗಾರರು ಹತ್ತು ಊರುಗಳಲ್ಲಿ ಹತ್ತು ಬಗೆಯ ಕಸುಬಿನವರಾಗಿರುತ್ತಾರೆ. ಸಂಘದ ಸಾಲಗಾರರೋ ಹೆಚ್ಚಾಗಿ ಒಂದೇ ಮಳೆಗೆ ಒಡ್ಡಿಕೊಂಡು ಒಂದೇ ಬೆಳೆ ಬೆಳೆಯುವವರಾದ್ದರಿಂದ, ಕೊಳೆ ಬಂದ ವರ್ಷ ಎಲ್ಲರ ಸಾಲದ ಕಂತೂ ಒಟ್ಟಿಗೇ ತಪ್ಪುತ್ತದೆ. ಹಾಗಾಗಿ ಈ ಪಾಲಿಸಿ ತೋಟಕ್ಕಿಂತ ಹೆಚ್ಚಾಗಿ ಸಂಘದ ಸಾಲದ ಖಾತೆಯನ್ನು ಕಾಯುತ್ತದೆ ಎಂಬುದು ನನ್ನ ಅಭಿಪ್ರಾಯ. 5 ಲಕ್ಷದವರೆಗಿನ ಶೂನ್ಯ ಬಡ್ಡಿ ಸಾಲದ ಸವಲತ್ತು ವಾಯಿದೆಯೊಳಗೆ ತೀರಿಸಿದವರಿಗೆ ಮಾತ್ರ ಸಿಗುವುದರಿಂದ, ವಾಯಿದೆ ಮುಗಿದ ಮೇಲೆ ಬರುವ ಪರಿಹಾರದಿಂದ ಅರ್ಧ ಉಪಯೋಗವಷ್ಟೇ. ನಡುವಿನ ದಿನಗಳಿಗೆ ಕೈಸಾಲವೇ ಗತಿ. ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದಲ್ಲಿ ಸಾಲದ ಅವಧಿ ವಿಸ್ತರಿಸಲು ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯಲ್ಲಿ ಅವಕಾಶವಿತ್ತಾದರೂ, ಅದು ಸಾಲವನ್ನು ಮುಂದಕ್ಕೆ ತಳ್ಳುತ್ತದೆಯೇ ಹೊರತು ಕೈಗೆ ಹಣ ತರುವುದಿಲ್ಲ. ಹವಾಮಾನದಿಂದ ಬ್ಯಾಂಕುಗಳಿಗೆ ಎದುರಾಗುವ ಅಪಾಯದ ಕುರಿತು ಇದೇ ರಿಸರ್ವ್ ಬ್ಯಾಂಕ್ 2022ರಲ್ಲಿ ಚರ್ಚಾ ಪತ್ರವನ್ನೂ ಹೊರಡಿಸಿತು; ಹಳ್ಳಿಯ ಮಟ್ಟಿಗೆ ಆ ಅಪಾಯದ ಅಳತೆ ನಿಂತಿರುವುದು ಪಂಚಾಯಿತಿಯ ಮಳೆಮಾಪಕದ ಮೇಲೆ.

ಇಷ್ಟಾದರೂ ವಿಮೆ ಬೇಡವೆನ್ನಲಾರೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. 2020ರಿಂದ ಸಾಲ ಪಡೆದವರಿಗೂ ಇದು ಕಡ್ಡಾಯವಲ್ಲ, ಬೇಡವಾದರೆ ಮೊದಲೇ ಬರೆದುಕೊಡಬೇಕು. ಮಾಡಿಸುವವರು ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ತಮ್ಮ ಸರ್ವೆ ನಂಬರಿಗೆ ಅಡಿಕೆ ಎಂದೇ ದಾಖಲಾಗಿದೆಯೇ ಎಂದು ನೋಡಿಕೊಳ್ಳಿ. ತಾಳೆಯಾಗದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ.