ಹುಟ್ಟುಹಬ್ಬದ ಊಟಕ್ಕೆ ಪೀಟರ್ ಲೂಗರೋ, ಕೀನ್ಸೋ?

ನ್ಯೂಯಾರ್ಕಿನ ಸ್ಟೇಕ್‌ಹೌಸ್‌ಗಳ, ಅಂದರೆ ದನದ ಮಾಂಸದ ದಪ್ಪ ತುಂಡನ್ನು (ಸ್ಟೇಕ್) ಬೇಯಿಸಿ ಬಡಿಸುವ ಹೋಟೆಲುಗಳ ಮಾತು ಬಂದಾಗ ಎರಡು ಹಳೆಯ ಹೆಸರುಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಒಂದು, ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್‌ನಲ್ಲಿ 1887ರಲ್ಲಿ ಆರಂಭವಾದ ಪೀಟರ್ ಲೂಗರ್. ಇನ್ನೊಂದು, ಮ್ಯಾನ್‌ಹ್ಯಾಟನ್‌ನ ಪಶ್ಚಿಮ 36ನೇ ಬೀದಿಯಲ್ಲಿರುವ, 1885ರಷ್ಟು ಹಳೆಯದಾದ ಕೀನ್ಸ್. ನನ್ನ ಪತಿಯ ಐವತ್ತನೆಯ ಹುಟ್ಟುಹಬ್ಬದ ಊಟವನ್ನು ನಾವು ಲೂಗರ್‌ನಲ್ಲಿ ಮಾಡಿದೆವು, ಆಮೇಲೆ ನನ್ನ ಅಕ್ಕನ ಹುಟ್ಟುಹಬ್ಬಕ್ಕೆ ಕೀನ್ಸ್‌ಗೆ ಹೋದೆವು. ನ್ಯೂಜೆರ್ಸಿಯಲ್ಲಿ ನೆಲೆಸಿರುವ ಎಷ್ಟೋ ಕನ್ನಡ ಮನೆಗಳಂತೆ ನಮ್ಮಲ್ಲಿಯೂ ದನದ ಮಾಂಸ ತಿನ್ನುವವರು, ಕುರಿ ಕೋಳಿಯಷ್ಟನ್ನೇ ತಿನ್ನುವವರು ಮತ್ತು ಮಾಂಸವನ್ನೇ ಮುಟ್ಟದವರು ಒಂದೇ ಮೇಜಿಗೆ ಕೂರುತ್ತಾರೆ. ಹಾಗಾಗಿ ಯಾವ ಹೋಟೆಲಿನ ಸ್ಟೇಕ್ ರುಚಿ ಎಂಬುದರ ಜೊತೆಗೆ, ಅಲ್ಲಿಗೆ ಯಾರನ್ನು ಕರೆದುಕೊಂಡು ಹೋಗಬಹುದು ಎಂಬುದನ್ನೂ ತೂಗಿ ನೋಡಬೇಕಾಗುತ್ತದೆ.

ಮೊದಲು ಮಾಂಸದ ವಿಚಾರ. ಲೂಗರ್‌ಗೆ ಹೋದವರು ತರಿಸುವುದು ಬಹುಮಟ್ಟಿಗೆ ಪೋರ್ಟರ್‌ಹೌಸ್ ಎಂಬ ಸ್ಟೇಕ್, ಅದೂ ಇಬ್ಬರಿಗೆ, ಮೂವರಿಗೆ ಅಥವಾ ನಾಲ್ವರಿಗೆ ಎಂಬ ಲೆಕ್ಕದಲ್ಲಿ. ಪೋರ್ಟರ್‌ಹೌಸ್‌ನಲ್ಲಿ ಟಿ ಅಕ್ಷರದ ಆಕಾರದ ಮೂಳೆಯ ಒಂದು ಬದಿಗೆ ಗಟ್ಟಿಯಾದ, ಗಾಢ ರುಚಿಯ ಸ್ಟ್ರಿಪ್ ಇರುತ್ತದೆ, ಇನ್ನೊಂದು ಬದಿಗೆ ಬಲು ಮೃದುವಾದ ಟೆಂಡರ್‌ಲಾಯಿನ್ ಇರುತ್ತದೆ. ಈ ಮೃದುವಾದ ಭಾಗ ಕನಿಷ್ಠ 1.25 ಇಂಚು ಅಗಲವಿದ್ದರೆ ಮಾತ್ರ ಅಮೆರಿಕದ ಕೃಷಿ ಇಲಾಖೆಯ ನಿಯಮದಂತೆ ಆ ತುಂಡನ್ನು ಪೋರ್ಟರ್‌ಹೌಸ್ ಎಂದು ಮಾರಬಹುದು. ಲೂಗರ್ ಮಾಂಸವನ್ನು ತನ್ನದೇ ತಂಪು ಕೋಣೆಯಲ್ಲಿ ವಾರಗಟ್ಟಲೆ ತೆರೆದಿಟ್ಟು ಹದಗೊಳಿಸುತ್ತದೆ. ಈ ಅವಧಿಯಲ್ಲಿ ನೀರಿನಂಶ ಆರಿ ರುಚಿ ಸಾಂದ್ರವಾಗುತ್ತದೆ, ಮಾಂಸದಲ್ಲೇ ಇರುವ ಕಿಣ್ವಗಳು ನಾರನ್ನು ಸಡಿಲಗೊಳಿಸುತ್ತವೆ, ಹೊರಗೆ ಒಣಗಿ ಕಪ್ಪಾದ ಪದರವನ್ನು ಕೊನೆಗೆ ಕೊಯ್ದು ತೆಗೆಯುತ್ತಾರೆ. 1950ರಲ್ಲಿ ಈ ಹೋಟೆಲನ್ನು ಹರಾಜಿನಲ್ಲಿ ಕೊಂಡವರು ಎದುರಿನ ಕಾರ್ಖಾನೆಯ ಮಾಲೀಕರಾಗಿದ್ದ ಸಾಲ್ ಫೋರ್ಮನ್. ಅವರ ಪತ್ನಿ ಮಾರ್ಷಾ ಸಗಟು ಮಾರುಕಟ್ಟೆಗೆ ಹೋಗಿ ಮಾಂಸ ಆರಿಸುವುದನ್ನು ಕಲಿತರು, ಆ ಕೆಲಸ ಮುಂದೆ ಅವರ ಕುಟುಂಬದ ಹೆಣ್ಣುಮಕ್ಕಳ ಕೈಗೆ ಬಂತು. ಇದನ್ನು ತಿಳಿದುಕೊಂಡು ಹೋಗಿದ್ದ ನನಗೆ ಆ ತಟ್ಟೆಯ ಮೇಲೆ ಇನ್ನಷ್ಟು ಗೌರವ ಮೂಡಿತ್ತು.

ಮೇಲಿನಿಂದ ಉರಿಯುವ ತೀವ್ರ ಶಾಖದಲ್ಲಿ ಬೆಂದು, ಅಡುಗೆಮನೆಯಲ್ಲೇ ಹೋಳುಗಳಾಗಿ, ಬೆಣ್ಣೆಯಲ್ಲಿ ಸಿಡಿಯುತ್ತಾ ಆ ತಟ್ಟೆ ಮೇಜಿಗೆ ಬರುತ್ತದೆ. ಬಡಿಸುವವರು ತಟ್ಟೆಯ ಒಂದು ತುದಿಯ ಕೆಳಗೆ ಸಣ್ಣ ತಟ್ಟೆಯನ್ನು ಬೋರಲಾಗಿಟ್ಟು ಓರೆ ಮಾಡುತ್ತಾರೆ, ತಗ್ಗಿಗೆ ಹರಿದು ಬಂದ ರಸ ಮತ್ತು ಬೆಣ್ಣೆಯನ್ನು ಚಮಚದಿಂದ ಪ್ರತಿ ಹೋಳಿನ ಮೇಲೂ ಹಾಕುತ್ತಾರೆ. ಮೂಳೆಯ ಪಕ್ಕದ ಹೋಳು ನಾನು ಈವರೆಗೆ ತಿಂದ ದನದ ಮಾಂಸದಲ್ಲೆಲ್ಲ ಶ್ರೇಷ್ಠವಾದದ್ದು ಎಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ನ್ಯೂಯಾರ್ಕ್ ಟೈಮ್ಸ್‌ನ ಅಂದಿನ ಹೋಟೆಲ್ ವಿಮರ್ಶಕ ಪೀಟ್ ವೆಲ್ಸ್ 2019ರಲ್ಲಿ ಈ ಮನೆಗೆ ಒಂದು ನಕ್ಷತ್ರವನ್ನೂ ಕೊಡಲಿಲ್ಲ, 2022ರಲ್ಲಿ ಮಿಶಲಿನ್ ಎಂಬ ಹೋಟೆಲ್ ಮಾರ್ಗದರ್ಶಿ ಕೊಟ್ಟಿದ್ದ ನಕ್ಷತ್ರವೂ ಹೋಯಿತು. ಇವೆರಡನ್ನೂ ತಿಳಿದೇ ಹೋಗಿದ್ದೆವು, ಆದರೂ ನಮ್ಮ ಮೇಜಿಗೆ ಬಂದ ತಟ್ಟೆಯ ವಿಷಯದಲ್ಲಿ ಆ ತೀರ್ಪುಗಳನ್ನು ನಾನು ಒಪ್ಪಲಾರೆ.

ಆದರೆ ಒಂದೇ ತಟ್ಟೆ ಎಂದರೆ ಒಂದೇ ಹದವೂ ಹೌದು. ನನ್ನ ಪತಿಗೆ ಒಳಗೆ ಗುಲಾಬಿ ಬಣ್ಣ ಉಳಿದಿರುವ, ಸುಮಾರು 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಿದ ಮೀಡಿಯಂ ರೇರ್ ಇಷ್ಟ. ಮಾಂಸವೆಂದರೆ ಚೆನ್ನಾಗಿ ಬೆಂದಿರಬೇಕು ಎಂಬ ರೂಢಿಯಲ್ಲಿ ಬೆಳೆದ ಭಾವನವರಿಗೆ ಆ ಬಣ್ಣವೇ ಒಗ್ಗುವುದಿಲ್ಲ. ತಟ್ಟೆ ಇನ್ನೂ ಕಾದಿರುವಾಗ ಅದರ ಅಂಚಿಗೆ ಹೋಳನ್ನು ಒತ್ತಿ ಹಿಡಿದರೆ ಮತ್ತಷ್ಟು ಬೇಯುತ್ತದೆ, ಅವರು ಹಾಗೆಯೇ ಮಾಡಿಕೊಂಡು ತಿಂದರು. ದನದ ಮಾಂಸ ಬೇಡವೆನ್ನುವವರಿಗೆ ಲೂಗರ್‌ನಲ್ಲಿ ಲ್ಯಾಂಬ್ ಚಾಪ್ (ಎಳೆಯ ಕುರಿಯ ಮೂಳೆಸಹಿತ ಮಾಂಸದ ತುಂಡು) ಮತ್ತು ಸಾಲ್ಮನ್ ಮೀನು ಇವೆ. ಆದರೂ ಇಡೀ ಮೇಜು ಒಂದು ತಟ್ಟೆಯ ಕಡೆಗೆ ತಿರುಗಿರುವಾಗ ಬೇರೆಯದನ್ನು ತರಿಸಿಕೊಂಡವರು ಸ್ವಲ್ಪ ಹೊರಗುಳಿದಂತೆ ನನಗೆ ಕಂಡಿತು.

ಕೀನ್ಸ್‌ನ ಬಲವಿರುವುದು ಸರಿಯಾಗಿ ಇಲ್ಲಿಯೇ. ಅಲ್ಲಿಯೂ ಪೋರ್ಟರ್‌ಹೌಸ್ ಸಿಗುತ್ತದೆ, ಮಾಂಸವೂ ಹದಗೊಳಿಸಿದ್ದೇ, ರುಚಿಯೂ ಉತ್ತಮ. ಆದರೆ ಆ ಮನೆಗೆ ಹೆಸರು ತಂದದ್ದು ಮಟನ್ ಚಾಪ್. ಹತ್ತು ಲಕ್ಷದ ಚಾಪ್ ಬಡಿಸಿದ್ದನ್ನು ಅವರು 1935ರಲ್ಲಿಯೇ ಸಂಭ್ರಮಿಸಿದ್ದರು. ಈಗ ಬಳಸುವುದು ಎಳೆಯ ಕುರಿಯ ಮಾಂಸವನ್ನು. ಬೆನ್ನುಮೂಳೆಯ ಎರಡೂ ಬದಿಯ ಮಾಂಸ ಸೇರುವಂತೆ ಅಡ್ಡಲಾಗಿ ಕತ್ತರಿಸಿದ ದಪ್ಪನೆಯ ತುಂಡು ಅದು. ಹೊರಗಿನ ಕೊಬ್ಬು ಗರಿಗರಿಯಾಗಿರುತ್ತದೆ, ಒಳಗೆ ರಸ ತುಂಬಿರುತ್ತದೆ. ದನದ ಮಾಂಸ ತಿನ್ನದ ನನ್ನ ಅಕ್ಕನಿಗೆ ಆ ಮನೆಯ ಅತ್ಯಂತ ಹೆಸರುವಾಸಿ ತಿನಿಸೇ ತನ್ನ ಪಾಲಿಗೆ ಬಂದದ್ದು ದೊಡ್ಡ ಸಂತೋಷ. ಮಂಡ್ಯದ ಕಡೆಯ ಬಾಡೂಟದಲ್ಲಿ ನಲ್ಲಿಮೂಳೆ ಹಿಡಿದವರಂತೆ ಅವಳು ಕೊನೆಗೆ ಚಾಕು ಬಿಟ್ಟು ಕೈಯಿಂದಲೇ ಮೂಳೆ ಬಿಡಿಸಿ ತಿಂದಳು. ಹುಟ್ಟುಹಬ್ಬ ಯಾರದೋ ಅವರಿಗೆ ಆ ಹೋಟೆಲಿನ ಮುಖ್ಯ ಅಡುಗೆಯೇ ಸಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಳಗಿನ ವಾತಾವರಣದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಲೂಗರ್ ಹಳೆಯ ಜರ್ಮನ್ ಬಿಯರ್ ಹಾಲ್‌ಗಳ ಮಾದರಿಯದು: ಬಟ್ಟೆ ಹಾಸದ ಮರದ ಮೇಜು, ಮರದ ನೆಲ, ಬೆಳಕು, ತುಂಬು ಗದ್ದಲ. ಕೀನ್ಸ್‌ನಲ್ಲಿ ಮಂದ ಬೆಳಕಿನ ಕೋಣೆಗಳ ಛಾವಣಿಯ ತುಂಬ ಉದ್ದ ಕೊಳವೆಯ ಜೇಡಿಮಣ್ಣಿನ ಧೂಮಪಾನದ ಪೈಪುಗಳು ಸಾಲುಸಾಲಾಗಿ ತೂಗುತ್ತವೆ. ಅವುಗಳ ಸಂಖ್ಯೆ 50,000ಕ್ಕೂ ಹೆಚ್ಚು. ಸುಲಭವಾಗಿ ಮುರಿಯುವ ಪೈಪನ್ನು ಹೊತ್ತು ತಿರುಗುವ ಬದಲು ಕೀನ್ಸ್‌ನ ಪೈಪ್ ಕ್ಲಬ್ಬಿನ ಸದಸ್ಯರು ಇಲ್ಲಿಯೇ ಇಟ್ಟು ಹೋಗುತ್ತಿದ್ದರು, ಥಿಯೋಡರ್ ರೂಸ್‌ವೆಲ್ಟ್ ಮತ್ತು ಐನ್‌ಸ್ಟೀನರ ಹೆಸರುಗಳೂ ಆ ಸದಸ್ಯರ ಪಟ್ಟಿಯಲ್ಲಿವೆ. ಗಂಡಸರಿಗೆ ಮಾತ್ರ ಪ್ರವೇಶವಿದ್ದ ಕಾಲದಲ್ಲಿ ತನ್ನನ್ನು ಒಳಗೆ ಬಿಡದ ಈ ಮನೆಯನ್ನು ನಟಿ ಲಿಲಿ ಲ್ಯಾಂಗ್‌ಟ್ರಿ 1905ರಲ್ಲಿ ನ್ಯಾಯಾಲಯಕ್ಕೆ ಎಳೆದು ಗೆದ್ದಳು. ಇಂದು ಅವಳ ಹೆಸರಿನ ಕೋಣೆಯೇ ಅಲ್ಲಿದೆ. ಅಕ್ಕನಿಗೆ ಈ ಕಥೆ ಹೇಳಿದಾಗ ಅವಳು ಬಹಳ ಹೊತ್ತು ಗೋಡೆಯ ಚಿತ್ರಗಳನ್ನು ನೋಡುತ್ತ ಪ್ರಶ್ನೆಗಳನ್ನು ಕೇಳಿದಳು. ಮಾತಿಗೆ ವಿಷಯವನ್ನೂ ಬಿಡುವನ್ನೂ ಕೊಡುವ ಮನೆ ಅದು.

ಸಸ್ಯಾಹಾರಿಗಳ ಮಟ್ಟಿಗೆ ಎರಡು ಕಡೆಯೂ ಪಕ್ಕದ ತಿನಿಸುಗಳೇ ಊಟ. ಲೂಗರ್‌ನಲ್ಲಿ ಹುರಿದ ಆಲೂಗೆಡ್ಡೆ, ಕೆನೆಯಂತೆ ಅರೆದ ಪಾಲಕ್, ದಪ್ಪ ಟೊಮೆಟೊ ಈರುಳ್ಳಿ ಹೋಳುಗಳು ಇವೆ. ಕೀನ್ಸ್‌ನಲ್ಲಿ ಅಣಬೆಯೂ ಸೇರಿದಂತೆ ಆಯ್ಕೆ ತುಸು ಹೆಚ್ಚು, ಕುಳಿತ ಕೂಡಲೇ ಹಸಿ ಕ್ಯಾರೆಟ್ ಮತ್ತು ಸೆಲರಿಯ ತಟ್ಟೆಯೂ ಬರುತ್ತದೆ. ಕಟ್ಟುನಿಟ್ಟಾಗಿ ಪಾಲಿಸುವವರಿದ್ದರೆ ಯಾವುದರಲ್ಲಿ ಏನು ಬೆರೆತಿದೆ ಎಂದು ಮೊದಲೇ ಕೇಳಿಕೊಳ್ಳುವುದು ಕ್ಷೇಮ. ಸಿಹಿಯಲ್ಲಿ ಮಾತ್ರ ನನ್ನ ಮತ ಲೂಗರ್‌ಗೆ: ಅಲ್ಲಿ ಶ್ಲಾಗ್ ಎಂದು ಕರೆಯುವ ಕಡೆದ ಕೆನೆಯನ್ನು ಜಿಪುಣತನವಿಲ್ಲದೆ ಬಟ್ಟಲು ತುಂಬ ಕೊಡುತ್ತಾರೆ.

ಮಾಂಸಕ್ಕಷ್ಟೇ ಅಂಕ ಕೊಡುವುದಾದರೆ ಲೂಗರ್ ಸ್ಪಷ್ಟವಾಗಿ ಮುಂದಿದೆ. ಎಲ್ಲರೂ ಸ್ಟೇಕ್ ತಿನ್ನುವ, ಒಂದೇ ಹದಕ್ಕೆ ಒಪ್ಪುವ ಚಿಕ್ಕ ಗುಂಪಾದರೆ ನಾನು ಮತ್ತೆ ಅಲ್ಲಿಗೇ ಹೋಗುತ್ತೇನೆ. ನಮ್ಮಂತಹ ಮಿಶ್ರ ಮೇಜಿಗೆ ಕೀನ್ಸ್ ಸರಿ, ಮುಂದಿನ ಹುಟ್ಟುಹಬ್ಬಕ್ಕೂ ಅದನ್ನೇ ಆರಿಸುತ್ತೇನೆ. ನ್ಯೂಜೆರ್ಸಿಯಿಂದ ಬರುವ ಹಿರಿಯರಿಗೂ ಅದೇ ಅನುಕೂಲ, ಏಕೆಂದರೆ ಎಡಿಸನ್ ಕಡೆಯ ರೈಲು ನೇರವಾಗಿ ಪೆನ್ ಸ್ಟೇಷನ್‌ಗೆ ಬರುತ್ತದೆ, ಅಲ್ಲಿಂದ ಕೀನ್ಸ್‌ಗೆ ನಡೆದೇ ಹೋಗಬಹುದು. ಲೂಗರ್‌ಗಾದರೆ ನದಿ ದಾಟಿ ಮಾರ್ಸಿ ಅವೆನ್ಯೂ ನಿಲ್ದಾಣದವರೆಗೆ ಇನ್ನೊಂದು ಪ್ರಯಾಣವಿದೆ.

ಹಣ ಕೊಡುವ ಕ್ರಮದಲ್ಲಿಯೂ ವ್ಯತ್ಯಾಸವಿದೆ. ಕೀನ್ಸ್‌ನಲ್ಲಿ ಕ್ರೆಡಿಟ್ ಕಾರ್ಡ್ ನಡೆಯುತ್ತದೆ. ಬ್ರೂಕ್ಲಿನ್‌ನ ಲೂಗರ್‌ನಲ್ಲಿ ಅದು ನಡೆಯುವುದಿಲ್ಲ, ನಗದು ಅಥವಾ ಅಮೆರಿಕದ ಬ್ಯಾಂಕಿನ ಡೆಬಿಟ್ ಕಾರ್ಡ್ ಬೇಕು. ಬಿಲ್ಲಿನ ಮೇಲೆ ನಗರದ ಮಾರಾಟ ತೆರಿಗೆ ಶೇಕಡಾ 8.875 ಸೇರುತ್ತದೆ, ಬಡಿಸಿದವರಿಗೆ ಶೇಕಡಾ 20ರಷ್ಟು ಟಿಪ್ಸ್ ಕೊಡುವುದು ರೂಢಿ. ಬೆಂಗಳೂರಿನಿಂದ ಬಂದ ಅಣ್ಣನೋ ಮಾವನೋ ಈ ಊಟ ತಮ್ಮದೇ ಉಡುಗೊರೆ ಎಂದು ಹೊರಟಿದ್ದರೆ ಇಷ್ಟನ್ನೂ ಮನೆ ಬಿಡುವ ಮೊದಲೇ ಅವರಿಗೆ ತಿಳಿಸಿರಬೇಕು.